ಗೆರಿ ಕಲ್ಲಿನ ಹುಕುಂ

"ಗೆರಿ ನೋಡಿ ನಾವಿ ಬಿಡ್ರಿ. ಮಂದಿ ಮಾತು ಕೇಳಬ್ಯಾಡ್ರಿ."

ನನ್ನ ಹೆಂಡತಿ ನನಗೆ ಹೇಳಿದ ಕಡೀ ಮಾತು ಇದು. ಹೋದ ಮಳೆಗಾಲದಾಗ ಒಂದು ಸಂಜೆ ಹೇಳಿದಳು. ಬೆಳಗಾಗೂದರೊಳಗ ಹೋದಳು.

ಹೊಳಿ ದಾಟೋ ಮಂದಿ ಇರೋತನಕ ದಂಡ್ಯಾಗ ಏನರೆ ಒಂದು ನಡದೇ ಇರತದ. ಅತ್ತಿದ್ದು ಸಾಕಾಗೇದ. ನಕ್ಕಿದ್ದು ಬರೀತೀನಿ. ನಾನು ಓದಿದ್ದು ನಾಲ್ಕನೇತ್ತ. ತಪ್ಪಿದ್ದರ ತಿದ್ದಿಕೊಳ್ರಿ.

ಅಧಿಕಾರಿ

ದಂಡೋತಿಯಿಂದ ಒಂದಿಷ್ಟು ಕೆಳಗ, ಕಾಗಿಣಾ ಹೊಳಿ ದಂಡಿಗಿ ನಮ್ಮೂರು. ಮಳೆಗಾಲದಾಗ ಸಣ್ಣ ಸೇತುವೆ ಮುಳುಗತದ. ಆಗ ನನ್ನ ನಾವಿ. ಹುಟ್ಟು ಹಾಕೋದು ನಾನು. ಯಾರು ಏರಬೇಕು, ನಾವಿ ಬಿಡಬೇಕೋ ಬ್ಯಾಡೋ, ಅದೆಲ್ಲಾ ಹೆಂಡತಿ ಹುಕುಂ.

ಒಮ್ಮೆ ಸಾಹೇಬರೊಬ್ಬರು ಕಾಗದ ಹಿಡಕೊಂಡು ಬಂದರು. "ನೀರು ಏರಿದಾಗ ನಾವಿ ಬಂದ್ ಮಾಡೋ ಅಧಿಕಾರಿ ಯಾರು?" ಅಂದರು. ಕೈ ಮಾಡಿ ತೋರಿಸಿದೆ. ಆಕಿ ಬೂದಿ ಹಚ್ಚಿ ಬೋಗಾಣಿ ತಿಕ್ಕಲಿಕತ್ತಿದ್ದಳು.

"ಯಾರ ಕೈಕೆಳಗ ಕೆಲಸ ಮಾಡತಾರ?"

"ಯಾರ ಕೈಕೆಳಗೂ ಇಲ್ರಿ. ನಾನೇ ಆಕೀ ಕೈಕೆಳಗ."

ಸಾಹೇಬರು ಹಂಗೇ ಬರಕೊಂಡರು.

ಮದುಮಗ

ನಾವ್ಯಾಗ ಎಂಟು ಮಂದಿ. ಒಂಬತ್ತನೇದಾಂವ ದೇವರಿದ್ದರೂ ಇಳೀಬೇಕು. ಆಕೀ ಕಾಯ್ದೆ.

ಒಂದು ದಿಬ್ಬಣ ಬಂತು. ಎಲ್ಲರೂ ಗಡಬಡಿಸಿ ಏರಿದರು. ಎಣಿಸಿದರ ಒಂಬತ್ತನೇದಾಂವ ಮದುಮಗ.

"ಇಳಿಯಪ್ಪಾ" ಅಂದಳು.

"ಅಬ್ಬೇ, ಮುಹೂರ್ತ ಮೀರತದ್ರಿ!"

"ಮುಹೂರ್ತ ಮೀರಿದರ ಇನ್ನೊಂದು ಇರತದ. ಇಳಿ."

ಅವನು ಇಳದ. ಮಳ್ಯಾಗ ನಿಂತು ರುಮಾಲು ತೊಯ್ಯಬಾರದಂತ ಗೆಳೆಯನ ತಲೀಗಿ ಇಟ್ಟು ಕಳಿಸಿದ. ಆ ದಂಡ್ಯಾಗ ಹೆಣ್ಣಿನವರು ರುಮಾಲು ನೋಡಿದರು, ಆರತಿ ಎತ್ತಿದರು, ಕಾಲು ತೊಳದರು. ಗೆಳೆಯ ಸುಮ್ಮನ ತೊಳಸಕೊಂಡ. ಯಾಕಲೇ ಅಂತ ಆಮ್ಯಾಲ ಬೈದರ, "ಬಿಸಿನೀರಿತ್ರಿ" ಅಂದ.

ಕಲ್ಲು

ದಂಡ್ಯಾಗ ಒಂದು ಕಲ್ಲದ. ಕಲ್ಲಿಗಿ ಒಂದು ಗೆರಿ. ನೀರು ಗೆರಿ ಮುಟ್ಟಿದರ ನಾವಿ ಬಂದ್. ದೊಡ್ಡ ಲಡಾಯಿ ಮುಗಿದ ಮ್ಯಾಲ ನಿಜಾಮನ ಸರ್ಕಾರದ ಸಾಹೇಬನೊಬ್ಬ ನೆಡಿಸಿದ್ದಂತ, ನಮ್ಮ ಮುತ್ಯಾ ಹೇಳತಿದ್ದ. ಸರ್ಕಾರ ಹೋತು. ಸಾಹೇಬ ಹೋದ. ಗೆರಿ ಸುಳ್ಳಾಗಿಲ್ಲ.

ಒಂದು ಬ್ಯಾಸಗ್ಯಾಗ ದಂಡಿ ಸಾಫ್ ಮಾಡಲಿಕ್ಕ ಗುತ್ತೇದಾರ ಬಂದ. ನಾವು ಮದುವಿಗಿ ಸೇಡಂಗೆ ಹೋಗಿದ್ದಿವಿ. ತಿರುಗಿ ಬಂದು ನೋಡಿದರ ಕಲ್ಲಿಲ್ಲ. ಮ್ಯಾಲ ಬೇವಿನ ಗಿಡದ ಬುಡಕ್ಕ ಕಟ್ಟಿ ಕಟ್ಟಿ, ಸುಣ್ಣ ಬಳದು ನಿಲ್ಲಿಸಿದ್ದ.

"ವರ್ಷಾ ನೀರಾಗ ಮುಳುಗತಿತ್ತಲ್ಲವ್ವಾ, ಇನ್ನ ಮುಳುಗಂಗಿಲ್ಲ" ಅಂದ. ಭಾಳ ಖುಷಿ ಅವನಿಗಿ.

ಅಷ್ಟರಾಗ ಯಾರೋ ಕುಂಕುಮ ಹಚ್ಚಿದ್ದರು, ಕಾಯಿ ಒಡದಿದ್ದರು. ಕೀಳಲಿಕ್ಕ ಹೋದರ ಮುದುಕೇರು ಅಡ್ಡ ನಿಂತರು. "ದೇವರನ್ನ ಕೇಳದೇ ಮುಟ್ಟಬ್ಯಾಡ್ರಿ."

ನನ್ನ ಹೆಂಡತಿ ಸೆರಗು ಹೊದ್ದು ಮುಂದ ಬಂದಳು. "ಕೇಳೀನವ್ವಾ. ಕನಸಿನಾಗ ಬಂದಿತ್ತು. ಮೈ ಉರೀಲಿಕತ್ತದ, ನನ್ನ ನೀರಿಗಿ ಒಯ್ರಿ ಅಂತು."

ಆ ಮುದುಕೇರೇ ಹಗ್ಗ ಹಿಡದು ಎಳದರು. ಗೆರಿ ಮೊದಲಿನಂಗ ದಂಡೀ ಮೂರನೇ ಮೆಟ್ಟಿಲಿಗಿ ಸಮ ಬರೋ ಹಂಗ ಆಕಿ ನಿಂತು ನೆಡಿಸಿದಳು. ಅವತ್ತಿನಿಂದ ಪ್ರತಿ ಸೋಮವಾರ ಗೆರಿಗಿ ಕುಂಕುಮ ತುಂಬತಾರ. ಆ ದಂಡಿಯಿಂದಲೂ ಕಾಣತದ. ಕಲ್ಲು ನೆಡಿಸಿದ ಸಾಹೇಬನಿಗಿ ಇದು ಹೊಳದಿರಲಿಲ್ಲ.

ಮರುದಿನ ಮುಂಜಾನೆ

ಆ ಕಡೀ ಮಾತು ಹೇಳಿದ ಮರುದಿನ. ಸತ್ತಾಕೀನ್ನ ಪಡಸಾಲ್ಯಾಗ ಕುಂದ್ರಿಸಿದ್ದರು. ಆಕೀ ತವರು ಆ ದಂಡಿಗಿ. ಆಕೀ ತಮ್ಮ, ಅವರವ್ವ, ಕಾಕಾ, ಎಲ್ಲಾ ಅಲ್ಲೇ ನೀರಿನ ಅಂಚಿಗಿ ಬಂದು ನಿಂತಿದ್ದರು. ಸುತ್ತು ಹಾಕೋ ರಸ್ತಾನೂ ನೀರಾಗ.

ನೀರು ಗೆರಿ ಮ್ಯಾಲ ಒಂದು ಗೇಣು.

ನಮ್ಮ ಮಂದಿ ಅಂದರು, "ಇವತ್ತೊಂದಿನ ಗೆರಿ ಬಿಡೋ. ಹಡದಾಕಿ ಮಗಳ ಮುಖ ನೋಡಬ್ಯಾಡೇನು?"

ಹುಟ್ಟು ಕೈಯಾಗ ಹಿಡದೆ. ನನಗೂ ಹೋಗಬೇಕಂತಿತ್ತು. ಕಲ್ಲು ನೋಡಿದೆ. ಹುಟ್ಟು ಕೆಳಗಿಟ್ಟು ಕುಂತೆ.

ಆ ದಂಡಿಯಿಂದ ತಮ್ಮ ಚೀರಿದ. "ನಾವಿ ಬಿಡು ಮಾವಾ!"

"ಗೆರಿ ಮುಳುಗ್ಯಾದೋ!"

"ಇವತ್ತೂ ಯಾರ ಹುಕುಂ ಅದು?"

"ನಿಮ್ಮಕ್ಕಂದು!"

ಅವನು ನೀರಿನ ತನಕ ಇಳದು ಬಂದ. ಆಮ್ಯಾಲ ಕೂಗಿದ, "ಸತ್ತ ಮ್ಯಾಲೂ ಏರಗೊಡವಲ್ಲಳಲ್ಲೋ ಮಾವಾ!"

ಎರಡೂ ದಂಡ್ಯಾಗ ಮಂದಿ ನಕ್ಕರು. ಅಳೋ ಹೆಣ್ಮಕ್ಕಳು ಸೆರಗು ಬಾಯಿಗಿ ಇಟ್ಟು ನಕ್ಕರು. ಆ ನಗು ಮುಗಿಯೂದರೊಳಗ ಒಂದು ಇಡೀ ಜಾಲಿಗಿಡ ಬೇರು ಮ್ಯಾಲ ಮಾಡಿ ಬಂತು. ನಾವಿ ದಾಟೋ ದಾರ್ಯಾಗೇ ಉರುಳಿಕೋತ ಹೋತು. ತಮ್ಮ ನಮ್ಮ ಮನಿ ಕಡಿ ಮುಖ ಮಾಡಿ ಕೈ ಮುಗದ.

ಬಿಸಿಲೇರಿದ ಮ್ಯಾಲ ನೀರು ಇಳೀತು. ಗೆರಿ ಪೂರಾ ಕಂಡಿತು. ನಾವಿ ಬಿಟ್ಟೆ.

ಆ ದಂಡ್ಯಾಗ ತಮ್ಮ ಅವರವ್ವನ್ನ ಎತ್ತಿ ಕುಂದ್ರಿಸಿದ, ಹಿರೇರನ್ನೆಲ್ಲಾ ಏರಿಸಿದ, ಕಡೀಕ ತಾನು ಕಾಲಿಟ್ಟ. ಎಣಿಸಿದೆ. ಒಂಬತ್ತು.

"ಇಳಿ" ಅಂದೆ.

"ಮಾವಾ, ನಾ ಆಕೀ ತಮ್ಮ!"

"ಅದಕ್ಕೇ" ಅಂದೆ.

ಇಳದು ನಿಂತ. ನಾನು ಹುಟ್ಟು ಹಾಕಿದೆ.