ಟೋಪಿಗೆ ಪಿರಮಿಡ್ ತೋರಿಸಿದ್ದು

ಪಿರಮಿಡ್ ನೋಡಲು ಈಜಿಪ್ಟಿಗೇ ಹೋಗಬೇಕೆಂದು ಯಾರು ಹೇಳಿದರು? ಅಟ್ಲಾಂಟಾದಿಂದ ಸ್ವಲ್ಪ ಹೊತ್ತು ಬಸ್ಸಿನಲ್ಲಿ ಕೂತರೆ ಸಾಕು. ಇಲ್ಲಿನ ಮೂಲನಿವಾಸಿಗಳು ಬಹಳ ಹಿಂದೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿದ ಪಿರಮಿಡ್ಡುಗಳಿವೆ. ಈಗ ಮೇಲೆಲ್ಲ ಹುಲ್ಲು. ನಮ್ಮ ಕನ್ನಡ ಹಿರಿಯರ ಗುಂಪು ಗೈಡ್ ಸಮೇತ ಒಂದು ದಿನದ ಪ್ರವಾಸ ಹೊರಟಾಗ ಮೊದಲು ಹೆಸರು ಕೊಟ್ಟವಳು ನಾನೇ.

ನನಗಲ್ಲಿ ಒಂದು ಕೆಲಸವಿತ್ತು. ನಮ್ಮವರು ಈಜಿಪ್ಟಿಗೆಂದು ಅಗಲ ಅಂಚಿನ ಟೋಪಿ ಕೊಂಡಿದ್ದರು. ಕೊರೋನಾ ಬಂದು ಪ್ರವಾಸ ನಿಂತಿತು. ಹೋದ ವರ್ಷ ಅವರೂ ಹೊರಟುಹೋದರು. ಟೋಪಿಯ ಬೆಲೆಚೀಟಿ ಹಾಗೇ ಇತ್ತು. ಅದನ್ನು ಪಿರಮಿಡ್ಡಿನ ತುದಿಯಲ್ಲಿಟ್ಟು ಒಂದು ಫೋಟೊ ತೆಗೆಯಬೇಕು. ಅಷ್ಟೇ.

ಬಸ್ಸಿಳಿದ ಮೇಲೆ, ಎಲ್ಲರೂ ರೆಸ್ಟ್‌ರೂಮಿಗೆ ಹೋಗಿ ಬರುವ ತನಕ ಕಾಯಿರಿ ಎಂದಳು ಗೈಡ್ ಹುಡುಗಿ. ಕಾಯುವುದೇಕೆ? ಎದುರಿಗೇ ಹುಲ್ಲು ಬೆಳೆದ ಗುಡ್ಡ ಕಾಣುತ್ತಿತ್ತು. ನಾನು ಶೂ ಬಿಚ್ಚಿದೆ.

"ಶೂ ಯಾಕ್ರೀ ಬಿಚ್ತಿದೀರ?" ಎಂದರು ಪಕ್ಕದ ಮನೆಯ ಸುಮಿತ್ರಾ.

"ಅಷ್ಟು ಹಳೇ ಜಾಗ ಕಣ್ರೀ. ಶೂ ಹಾಕ್ಕೊಂಡು ಹತ್ತಕ್ಕಾಗತ್ತಾ?"

ಅವರೂ ಬಿಚ್ಚಿದರು. ನಮ್ಮಿಬ್ಬರನ್ನು ನೋಡಿ ಬಸ್ಸಿಗೆ ಬಸ್ಸೇ ಬಿಚ್ಚಿತು. ಬರಿಗಾಲಲ್ಲಿ ನಿಂತ ಮೇಲೆ ಸುಮ್ಮನಿರಲಾದೀತೇ? ಪ್ರದಕ್ಷಿಣೆ ಶುರುವಾಯಿತು. ಮುಂದಾಳು ನಾನು. ನಿವೃತ್ತ ಮೇಷ್ಟ್ರು ರಾಯರು ಹಿಂದಿನಿಂದ ಶ್ಲೋಕ ಹೇಳುತ್ತಾ ಬಂದರು. ಮೂರು ಸುತ್ತು ಮುಗಿಸಿ ನಾನು ಮೇಲೆ ಹತ್ತಿ ಟೋಪಿ ಇಟ್ಟೆ. "ಬಂದ್ವಿ ನೋಡಿ" ಎಂದೆ, ಮೆಲ್ಲಗೆ. ಕಣ್ಣು ಒರೆಸಿಕೊಂಡು ಫೋಟೊ ತೆಗೆದು ಮಗಳಿಗೆ ಕಳಿಸಿದೆ.

ಅಷ್ಟರಲ್ಲಿ ಗೈಡ್ ಓಡಿಬಂದಳು. ಬಹಳ ವಿನಯದಿಂದ ವಿವರಿಸಿದಳು. ಇದು ಹೊಸ ಪಾರ್ಕಿಂಗ್ ಲಾಟಿಗೆಂದು ಹೋದ ವರ್ಷ ಅಗೆದು ರಾಶಿ ಹಾಕಿದ ಮಣ್ಣು. ಪಿರಮಿಡ್ ಆ ಮರಗಳ ಆಚೆಗಿದೆ.

ಎಲ್ಲರೂ ನನ್ನ ಕಡೆ ತಿರುಗಿದರು.

"ಅಲ್ರೀ, ನಮ್ ಕೈಲೂ ಸುತ್ತು ಹಾಕಿಸಿದ್ರಲ್ಲ!" ಎಂದರು ಸುಮಿತ್ರಾ.

"ಪರವಾಗಿಲ್ಲ ಬಿಡೀಮ್ಮ, ನನ್ನ ಶುಗರ್‌ಗೆ ಒಳ್ಳೇದಾಯ್ತು" ಎಂದರು ರಾಯರು.

ನಾಚಿಕೆಯಿಂದ ಸರಸರ ಇಳಿದು ಶೂಗೆ ಕಾಲು ತೂರಿಸಿದೆ. ಒಳಗೆ ಕೆಂಪಿರುವೆಗಳು ಆಗಲೇ ಸಂಸಾರ ಹೂಡಿದ್ದವು. ಆಮೇಲೆ ನಾನು ನಡೆದದ್ದನ್ನು ನಡಿಗೆ ಎನ್ನುವಂತಿಲ್ಲ.

ನಿಜವಾದ ಪಿರಮಿಡ್ಡಿಗೆ ಮೆಟ್ಟಿಲುಗಳಿದ್ದವು. ಕಾಲು ಕೆರೆದುಕೊಳ್ಳುತ್ತಾ, ಏದುಸಿರು ಬಿಡುತ್ತಾ ಎಲ್ಲರಿಗಿಂತ ಕೊನೆಯಲ್ಲಿ ತುದಿ ಮುಟ್ಟಿದೆ. ಕೆಳಗೆ ನದಿ, ತಣ್ಣನೆ ಗಾಳಿ. ಇದೇ ಜಾಗ! ಟೋಪಿಗೆಂದು ಚೀಲಕ್ಕೆ ಕೈ ಹಾಕಿದೆ.

ಟೋಪಿ ಎಲ್ಲಿ?

ದೂರದಲ್ಲಿ, ಪಾರ್ಕಿಂಗ್ ಲಾಟಿನ ಮಣ್ಣಿನ ಮೇಲೆ ಅದು ಹಾಯಾಗಿ ಕೂತಿತ್ತು. ಬಸ್ಸಿನ ಹಾರ್ನ್ ಕೇಳಿತು. ಇಳಿದು, ಅದನ್ನು ತಂದು, ಮತ್ತೆ ಹತ್ತುವ ಹೊತ್ತೂ ಇರಲಿಲ್ಲ, ಕಾಲೂ ಇರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ನಕ್ಕುಬಿಟ್ಟೆ. ಅವರು ಹೋದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು. ಅವರೇ ಬಂದಿದ್ದರೂ ನನ್ನ ಹಿಂದೆಯೇ ಆ ಗುಡ್ಡ ಹತ್ತುತ್ತಿದ್ದರು, ಅನುಮಾನವಿಲ್ಲ.

ಬಸ್ಸಿಗೆ ಮರಳುವಾಗ ಟೋಪಿ ಎತ್ತಿಕೊಂಡು ಬಂದೆ. ಮನೆಗೆ ಬಂದು ನೋಡಿದರೆ ಮಗಳು ಆ ಫೋಟೊ ದೊಡ್ಡದು ಮಾಡಿಸಲು ಆಗಲೇ ಆರ್ಡರ್ ಕೊಟ್ಟಿದ್ದಳು. ಈಗ ಹಾಲ್‌ನ ಗೋಡೆಯಲ್ಲಿ ಅವರ ಚಿತ್ರದ ಪಕ್ಕದಲ್ಲೇ ಅದು ತೂಗುತ್ತಿದೆ. ಬಂದವರು "ಇದು ಪಿರಮಿಡ್ಡೇ?" ಎಂದು ಭಕ್ತಿಯಿಂದ ಕೇಳುತ್ತಾರೆ. ನಾನು ಕಾಫಿ ತರಲು ಎದ್ದು ಹೋಗುತ್ತೇನೆ.