ಯಾರದೋ ಮಾರಿ, ಯಾರದೋ ಮೂಗು

"ಇನ್ನ ಹೊಗಳಿಕಿ ಸಾಕು! ನನಗ ಬೇಕಾಗಿರೂದು ಟೀಕಾ! ಉಳಿ ಏಟು ಬಿದ್ದರನ ಕಲ್ಲು ಮೂರ್ತಿ ಆಗತೈತಿ!"

2015ರ ಒಂದು ಭಾನುವಾರ, ಜಮಖಂಡಿಯ ಸರ್ಕಾರಿ ಕಚೇರಿಯೊಂದರ ಗುಮಾಸ್ತ ಗಿರಮಲ್ಲಪ್ಪ ಪಡಸಾಲೆಯಲ್ಲಿ ನಿಂತು ಹೀಗೆ ಘೋಷಿಸಿದಾಗ, ಅವನ ಹೆಂಡತಿ ಸತ್ಯವ್ವ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ಹೊಗಳಿದವರು ಯಾರ್ರೀ?"

ದೊಡ್ಡ ಕಲಾವಿದರು ಇಂಥ ಸಣ್ಣ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. ಗಿರಮಲ್ಲಪ್ಪನೂ ಕೊಡಲಿಲ್ಲ.

ಐವತ್ತೆರಡನೆಯ ವಯಸ್ಸಿನಲ್ಲಿ ಅವನೊಳಗಿನ ಕಲಾವಿದ ಆಕಳಿಸಿ ಎದ್ದು ಕೂತಿದ್ದ. ಬಜಾರದಿಂದ ಪೆನ್ಸಿಲ್ಲಿನ ಡಬ್ಬಿ ಬಂತು, ದಪ್ಪ ಹಾಳೆ ಬಂತು, ಅಂಗೈಯಗಲದ ರಬ್ಬರ್ ಬಂತು. ಚಿತ್ರ ಬಿಡಿಸುವುದು, ಮೊಬೈಲಿನಲ್ಲಿ ಫೋಟೋ ಹೊಡೆಯುವುದು, 'ಬೀರೇಶ್ವರ ಪ್ರಸನ್ನ' ಎಂಬ ಬಳಗದವರ ವಾಟ್ಸಾಪ್ ಗುಂಪಿಗೆ ಹಾಕಿ "ಮುಲಾಜಿಲ್ದಂಗ ತಪ್ಪು ಹೇಳ್ರಿ" ಎಂದು ಬರೆಯುವುದು. ಗುಂಪಿನಲ್ಲಿ ನಲವತ್ತೊಂದು ಜನ. ತಪ್ಪು ಹೇಳು ಎಂದರೆ ನಮ್ಮ ಬಳಗದವರು ಮುಲಾಜು ನೋಡುತ್ತಾರೆಯೇ?

ಮೊದಲ ಚಿತ್ರ ಒಂದು ಕುರಿ. ಬೀಳಗಿಯ ಸೋದರಮಾವ ಶಿದ್ರಾಮಪ್ಪ ಕೂಡಲೇ ಬರೆದ: "ನಾಯಿ ಛಲೋ ಬಂದೈತಿ. ಯಾರ ಮನೀದು?"

"ಮಾವಾ, ಅದು ಕುರಿ."

"ಲೇ ಗಿರಮಲ್ಲಾ, ನಿಮ್ಮಜ್ಜ ಕತ್ತಲಾಗ ಬೆನ್ನ ಮ್ಯಾಲೆ ಕೈಯಾಡಿಸಿ ಯಾವ ಕುರಿ ಯಾವುದಂತ ಹೇಳತಿದ್ದ. ನೀ ಕಣ್ಣು ಬಿಟ್ಟು ಬರದಿಯೇನು?"

ಕುರುಬರ ಮನೆತನಕ್ಕೆ ಇದಕ್ಕಿಂತ ದೊಡ್ಡ ಅಪಮಾನವಿಲ್ಲ! ಆಗ ನೆರವಿಗೆ ಬಂದವಳು ಪ್ರತಿಮಾ. ರಬಕವಿಯಲ್ಲಿರುವ ಅಣ್ಣನ ಮಗಳು, ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವವಳು. "ಕಾಕಾ, ನೆನಪಿಲೆ ತಗೀಬ್ಯಾಡ್ರಿ. ಎದುರಿಗೆ ಇಟಗೊಂಡು, ನೋಡಿ ತಗೀರಿ" ಎಂದಳು.

ಎದುರಿಗೆ ಸದಾ ಇರುವವಳು ಸತ್ಯವ್ವ. "ಈ ವಯಸ್ಸಿನಾಗ ನಂದೇನ್ ತಗೀತೀರಿ" ಎನ್ನುತ್ತಲೇ ಒಳಗೆ ಹೋಗಿ, ಸೀರೆ ಬದಲಿಸಿ, ಮಲ್ಲಿಗೆ ಮುಡಿದು ಬಂದು ಕುರ್ಚಿಯಲ್ಲಿ ಕೂತಳು.

"ಅಲ್ಲಾಡಬ್ಯಾಡ!"

"ಉಸಿರರ ಆಡ್ಲ್ಯೋ ಬ್ಯಾಡೋ?"

"ಸಾವಕಾಶ ಆಡು!"

ಒಂದು ತಾಸು ಕೂತಳು. ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂದಾಗ ಎದ್ದಳು. ಹಾಲಿಳಿಸಿ ಬಂದು ಹಾಳೆ ನೋಡಿ, ಸ್ವಲ್ಪ ನಾಚಿ, "ಒಂದೀಟು ನನ್ನಂಗ ಐತ್ರಿ. ಇಲ್ಲಿಗೇ ಬಿಡ್ರಿ" ಎಂದಳು.

ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. "ಬಿಡೂದಾ? ಇನ್ನೂ ಟೀಕಾ ಬರಬೇಕು!" ಎಂದು ಗಿರಮಲ್ಲಪ್ಪ ಗುಂಪಿಗೆ ಹಾಕಿಯೇಬಿಟ್ಟ. ಟೀಕೆ ಬಂತು, ಕೃಷ್ಣೆಗೆ ಮಹಾಪೂರ ಬಂದಂತೆ ಬಂತು! "ಮೂಗು ಮೊಂಡ ಆಗೈತಿ, ಉದ್ದ ಮಾಡು" ಎಂದ ಶಿದ್ರಾಮಪ್ಪ ಮಾವ. "ಗಲ್ಲ ತುಂಬಸಣ್ಣಾ, ವೈನಿ ಉಪವಾಸ ಇದ್ದಂಗ ಕಾಣತಾಳ" ಎಂದಳು ಮುಧೋಳದ ತಂಗಿ ಮಾದೇವಿ. ಹುಬ್ಬು ದಟ್ಟ ಆಗಲಿ ಎಂದರು ಇನ್ಯಾರೋ. ಪ್ರತಿಮಾ ಒಬ್ಬಳೇ ಎಚ್ಚರಿಸಿದಳು: "ಕಾಕಾ, ಇವರ ಮಾತು ಕೇಳಿ ತಿದ್ದಬ್ಯಾಡ್ರಿ. ಕಾಕಿನ್ನ ಮತ್ತ ಕುಂಡ್ರಿಸಿ, ನೋಡಿ ತಿದ್ದ್ರಿ."

ಸತ್ಯವ್ವ ಮತ್ತೆ ಕೂರಲು ಒಪ್ಪಲಿಲ್ಲ. "ಒಂದು ತಾಸಿಗೇ ನಡ ಹಿಡದೈತಿ. ನಿಮ್ಮ ಕಲಾಕ್ಕ ನನ್ನ ನಡ ಬಲಿ ಕೊಡಂಗಿಲ್ಲ."

ಹೀಗಾಗಿ ಹೆಂಡತಿಯನ್ನು ನೋಡದೆಯೇ ತಿದ್ದುವ ಕೆಲಸ ನಡೆಯಿತು. ಮೂಗು ಬೆಳೆಯಿತು, ಗಲ್ಲ ಉಬ್ಬಿತು, ಹುಬ್ಬು ಕೂಡಿತು. ರಬ್ಬರ್ ಅರ್ಧ ಸವೆಯಿತು. ಮುಂದಿನ ಭಾನುವಾರ ಬೆಳಿಗ್ಗೆ, ಹೆಸರು ಬರೆಯದೆ, ಗೆದ್ದ ಪೈಲ್ವಾನನಂತೆ ತೊಡೆ ತಟ್ಟಿ ಚಿತ್ರ ಕಳಿಸಿದ.

ಶಿದ್ರಾಮಪ್ಪ ಮಾವನ ಉತ್ತರ: "ಭೇಷ್! ಥೇಟ್ ಕಸ್ತೂರೆವ್ವ!" ಅದರ ಹಿಂದೆ ಹದಿನೇಳು ಚಪ್ಪಾಳೆ.

ಕಸ್ತೂರೆವ್ವ ಎಂದರೆ ಗಿರಮಲ್ಲಪ್ಪನ ಅಣ್ಣ ಮುದಕಪ್ಪನ ಹೆಂಡತಿ, ಪ್ರತಿಮಾಳ ತಾಯಿ. ಮೂರು ವರ್ಷದ ಹಿಂದೆ ಬಂಧುಗಳ ಮದುವೆಯಲ್ಲಿ, ಸತ್ಯವ್ವ ಬಡಿದ ರೊಟ್ಟಿಯನ್ನು ಎತ್ತಿ ಹಿಡಿದು, "ಇವನ್ನ ಚಪ್ಪರಕ್ಕ ಹೊದಸಬಹುದು" ಎಂದಿದ್ದಳು. ಅಂದಿನಿಂದ ಈ ಇಬ್ಬರು ನೆಗೆಣ್ಣಿಯರ ನಡುವೆ ಮಾತಿಲ್ಲ, ಕತೆಯಿಲ್ಲ.

ಅಡುಗೆಮನೆಯಲ್ಲಿ ಸತ್ಯವ್ವನ ಮೊಬೈಲು ಟಿಂಗ್ ಎಂದಿತು. ಆಮೇಲೆ ಸತ್ಯವ್ವ ಬಂದಳು.

"ಇಪ್ಪತ್ತೈದು ವರ್ಷ ಕಣ್ಣ ಮುಂದ ಇದ್ದಾಕಿ ನಾನು. ಕೈಯಾಗಿಂದ ಇಳದಾಕಿ ಅಕಿ!"

"ಹಂಗಲ್ಲ, ಜನ ಹೇಳಿದಂಗ..."

"ಜನ ಹೇಳಿದ್ರ ಹೆಂಡತಿ ಮಾರೀನೂ ಬದಲ ಮಾಡತೀರಿ, ಅಲ್ಲೇನ್ರೀ?"

ಗಿರಮಲ್ಲಪ್ಪ ಬೆವರುತ್ತ ಗುಂಪಿಗೆ ಸ್ಪಷ್ಟೀಕರಣ ಬರೆದ. ಕಚೇರಿಯಲ್ಲಿ ಮೂವತ್ತು ವರ್ಷ ಟಿಪ್ಪಣಿ ಬರೆದ ಕೈ ಅದು: "ಇದು ಕಸ್ತೂರೆವ್ವ ವೈನಿ ಅಲ್ಲ, ನಮ್ಮ ಮನಿಯಾಕಿ. ತಿದ್ದಾಕ ಹೋಗಿ ಮಾರಿ ಕೆಟ್ಟು ವೈನಿಯಂಗ ಆಗೈತಿ."

ಕಳಿಸಿದ ಮೇಲೆ ಒಮ್ಮೆ ಓದಿಕೊಂಡ. ಅಳಿಸಲು ಪರದಾಡಿದ. ಕಳಿಸಿದ್ದನ್ನು ಎಲ್ಲರ ಮೊಬೈಲಿನಿಂದ ಅಳಿಸುವ ಸೌಲಭ್ಯ ಆಗಿನ್ನೂ ಬಂದಿರಲಿಲ್ಲ.

ಐದು ನಿಮಿಷಕ್ಕೆ ಅಣ್ಣನ ಫೋನು. "ಲೇ, ಏನ್ ಬರದಿಯೋ? ನಿಮ್ಮ ವೈನಿ ಬಸ್‌ಸ್ಟ್ಯಾಂಡಿಗೆ ಹೋದಳು."

"ಅಣ್ಣಾ, ನೀನೂ ಬಾರೋ!"

"ನಾ ಯಾಕ ಬರ್ಲಿ? ಬರದಾಂವ ನೀನು."

ರಬಕವಿ ಬಸ್ಸು ತಡವಾಗಿ ಬರುವುದು ವಾಡಿಕೆ. ಅವತ್ತು ಮಾತ್ರ ಹೊತ್ತಿಗೆ ಸರಿಯಾಗಿ ಬಂತು. ಕಸ್ತೂರೆವ್ವ ಬಾಗಿಲಲ್ಲಿ ನಿಂತಳು, ಸತ್ಯವ್ವ ಹೊಸ್ತಿಲೊಳಗೆ ನಿಂತಳು. ನಡುವೆ ಗಿರಮಲ್ಲಪ್ಪ, ಎರಡು ಟಗರುಗಳ ನಡುವೆ ಸಿಕ್ಕ ಹುಲ್ಲುಕಡ್ಡಿಯಂತೆ. ಬಾಗಿಲಿಗೆ ಬಂದವರಿಗೆ ನೀರು ಕೊಡದಿರುವುದು ಹೇಗೆ? ಸತ್ಯವ್ವ ಮಾತಾಡದೆ ಚೊಂಬು ಚಾಚಿದಳು. ಕಸ್ತೂರೆವ್ವ ಮಾತಾಡದೆ ಕುಡಿದಳು.

"ಎಲ್ಲೈತಿ ಚಿತ್ರ?"

ಗಿರಮಲ್ಲಪ್ಪ ತಂದುಕೊಟ್ಟ. ಅವಳು ಕಿಟಕಿಯ ಬೆಳಕಿಗೆ ಹಿಡಿದಳು. "ಮಾರಿ ಕೆಟ್ಟರ ನನ್ನಂಗ ಆಗತೈತೇನು?"

"ವೈನೀ, ಅದು ವಾಕ್ಯದಾಗ ಆದ ತಪ್ಪು..."

"ನೀ ಸುಮ್ಮಿರು." ಹಾಳೆಯನ್ನು ಹತ್ತಿರ ತಂದಳು, ದೂರ ಹಿಡಿದಳು. ಬಹಳ ಹೊತ್ತು ನೋಡಿದಳು. "ಸತ್ಯವ್ವಾ, ಇಲ್ಲಿ ಬಾ. ಖರೆ ಹೇಳು, ಇದು ನನ್ನ ಮೂಗೇನು?"

ಮೂರು ವರ್ಷದ ಮೇಲೆ ಬಂದ ಮೊದಲ ಮಾತು. ಸತ್ಯವ್ವ ಬಗ್ಗಿ ನೋಡಿದಳು. "ಅಲ್ಲ ಬಿಡ ಅಕ್ಕಾ. ನಿಂದು ಇಷ್ಟು ಉದ್ದಿಲ್ಲ."

"ನಿಂದೂ ಅಲ್ಲ. ಹುಬ್ಬು ಗಂಟು ಹಾಕಿದ್ದು ನೋಡಿಲ್ಲೆ. ಚಾದಾಗ ಸಕ್ರಿ ಒಂದು ಚಿಟಿಕಿ ಹೆಚ್ಚಾದ್ರ ಹಿಂಗ ನೋಡತಿದ್ದಾಕಿ ಯಾರು?"

ಇಬ್ಬರೂ ಮುಖ ಮುಖ ನೋಡಿಕೊಂಡು ಒಟ್ಟಿಗೇ ಕೂಗಿದರು:

"ಅಯ್ಯ ಶಿವನ! ಅತ್ತಿ!"

ಅಷ್ಟೇ! ಕಸ್ತೂರೆವ್ವ ನಗುತ್ತ ಕುಸಿದು ಕೂತಳು, ಸತ್ಯವ್ವ ಅವಳ ಹೆಗಲ ಮೇಲೆ ಬಿದ್ದು ನಕ್ಕಳು. ಅತ್ತೆ ಬೆಲ್ಲ ಬಚ್ಚಿಟ್ಟದ್ದು, ಇಬ್ಬರೂ ಕೂಡಿ ಅದನ್ನು ಕದ್ದು ತಿಂದು ತಪ್ಪನ್ನು ಬೆಕ್ಕಿನ ಮೇಲೆ ಹಾಕಿದ್ದು, ಎಲ್ಲ ಹೊರಬಿತ್ತು.

ಗಿರಮಲ್ಲಪ್ಪ ಹಾಳೆ ಎತ್ತಿಕೊಂಡ. ಹೌದು, ಅವ್ವ! ಮೂಗು ಹೇಳಿದವನು ಅವ್ವನ ತಮ್ಮ, ಗಲ್ಲ ಹೇಳಿದವಳು ಅವ್ವನ ಮಗಳು. ಬೇರೆ ಯಾರ ಮುಖ ಬಂದೀತು? ಅವ್ವ ತೀರಿ ಎಂಟು ವರ್ಷ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಒಂದನ್ನೂ ತೆಗೆಸಿರಲಿಲ್ಲ. ಅದಕ್ಕೇ ಇರಬೇಕು, ಎಂಬತ್ತಾರು ವರ್ಷ ಬದುಕಿದಳು.

"ಇದನ್ನ ದೇವರ ಜಗಲಿ ಮ್ಯಾಲೆ ಇಡ್ರಿ" ಎಂದಳು ಸತ್ಯವ್ವ, ಕಣ್ಣೊರೆಸಿಕೊಂಡು. "ಮನ್ಯಾಗ ಅತ್ತಿದು ಒಂದೂ ಫೋಟೋ ಇಲ್ಲ."

ಕಲಾವಿದನ ಎದೆ ಮತ್ತೆ ಉಬ್ಬಿತು. "ನೋಡಿದಿಯಾ? ಕಡೀಕೂ ನನ್ನ ಕಲಾ..."

"ಕೆಳಗ ಹೆಸರು ಮಾತ್ರ ಬರೀರಿ" ಎಂದಳು. "ಇಲ್ಲಾಂದ್ರ ಬಂದವರೆಲ್ಲ ಯಾರಂತ ಕೇಳತಾರ."

ಗಿರಮಲ್ಲಪ್ಪ ಪೆನ್ಸಿಲ್ ಚೂಪು ಮಾಡಿ, 'ಮಾತೋಶ್ರೀ ಕರೆವ್ವ' ಎಂದು ದುಂಡಗೆ ಬರೆದ. ಕಸ್ತೂರೆವ್ವ ಹಾಳೆಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು, ಮೆಚ್ಚಿ ತಲೆದೂಗಿದಳು.

"ಅಕ್ಷರ ಭಾಳ ಛಲೋ ಅದಾವು ನೋಡಪಾ. ಇನ್ನ ಮ್ಯಾಲೆ ಚಿತ್ರ ಬಿಟ್ಟು ಅವನ್ನಷ್ಟ ತಗಿ!"