ಗಂಟಲಿಲ್ಲದವನ ಮೇಲೆ ಹೊಟ್ಟೆಕಿಚ್ಚು

ನನ್ನ ಹೊಟ್ಟೆಕಿಚ್ಚುಗಳನ್ನು ನಾನು ತಾರೀಖು ಸಮೇತ ಡೈರಿಯಲ್ಲಿ ಬರೆದಿಡುತ್ತೇನೆ. ಹೆಚ್ಚಿನವು ಮುಂಬಯಿಯ ಡೊಂಬಿವ್ಲಿ ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕ ಕೂತವರ ಮೇಲಿನವು. ಠಾಣೆ ಸ್ಟೇಶನ್ನಿನಲ್ಲಿ ಗಾಡಿ ಬದಲಿಸುವಷ್ಟರಲ್ಲಿ ಆರುತ್ತವೆ. ಆರದೆ ಉಳಿದದ್ದು ಒಂದೇ. ಅದು ಗಂಟಲೇ ಇಲ್ಲದವನೊಬ್ಬನ ದನಿಯ ಮೇಲಿನದು.

ನೆರೂಳದ ನಮ್ಮ ಆಫೀಸಿನಲ್ಲಿ, ಗಿರಾಕಿಗಳ ಫೋನ್ ಕರೆಗೆ ಉತ್ತರಿಸುವ ಯಂತ್ರಕ್ಕೆ ಕನ್ನಡ ಮಾತಾಡಲು ಕಲಿಸುತ್ತೇವೆ. ಮೈಸೂರಿನ ಶರತ್‌ನ ದನಿಯಿಂದ ಒಂದು ಮಾದರಿ, ನನ್ನ ದನಿಯಿಂದ ಇನ್ನೊಂದು ತಯಾರಾದವು. ಯಾವುದು ಯಾರದೆಂದು ತಿಳಿಯದ ಕೇಳುಗರು, ಮನುಷ್ಯನೋ ಯಂತ್ರವೋ ಎಂದು ಗುರುತಿಸಿ, ಎಷ್ಟು ಸಹಜವಾಗಿದೆ ಎಂದು ಐದಕ್ಕೆ ಅಂಕ ಕೊಡಬೇಕು. ಗೆದ್ದ ಮಾದರಿ ಉಳಿಯುತ್ತದೆ, ಸೋತದ್ದು ಅಳಿಯುತ್ತದೆ. ಕೇಳುಗರ ಕಿವಿ ಪರೀಕ್ಷಿಸಲು ನಡುವೆ ನಮ್ಮ ಅಸಲಿ ದನಿಗಳನ್ನೂ ಸೇರಿಸಿದ್ದರು. ಅಂಕ ಕೂಡಿಸುವ ಕೆಲಸ, ಅಚ್ಚುಕಟ್ಟಿನವನೆಂದು, ನನಗೇ ಬಂತು. ಶರತ್‌ನ ಯಂತ್ರವನ್ನು ಎಲ್ಲರೂ ಮನುಷ್ಯ ಎಂದಿದ್ದರು. ಈ ಗಂಟಲಿನಿಂದಲೇ ಹೊರಟ ನನ್ನ ಅಸಲಿ ದನಿಯನ್ನು ಯಂತ್ರ ಎಂದಿದ್ದರು.

“ಬೇಜಾರ್ ಮಾಡ್ಕೋಬೇಡ ಗುರು, ಬೇರೆ ಯಾರಿಗಾದ್ರೂ ಕೇಳಿಸಿ ನೋಡು,” ಎಂದ ಶರತ್. ಗೆದ್ದವರಿಗೆ ಇಂಥ ದೊಡ್ಡ ಮನಸ್ಸು ಸುಲಭ.

ಭಾನುವಾರ ಅವ್ವನಿಗೆ ಕೇಳಿಸಿದೆ. ಕೆಳಗೆ ಮೆಟ್ಟಿಲಲ್ಲಿ ಕೆಮ್ಮಿದರೂ ನಾನೇ ಎಂದು ಗುರುತಿಸಿ ಬಾಗಿಲು ತೆರೆಯುವವಳು ಅವಳು. ಗೆಲುವು ನನ್ನದೇ ಎಂದುಕೊಂಡಿದ್ದೆ. ಮೊದಲು ಶರತ್‌ನ ಯಂತ್ರ.

“ಯಾರ ಮಗಾನೋ ಏನೋ, ದನಿ ಎಷ್ಟ್ ಚೊಲೋ ಐತಿ! ಒಂದಿನ ಊಟಕ್ಕ ಕರಕೊಂಡ್ ಬಾ.”

“ಅವ್ವಾ, ಅದಕ್ಕ ಹೊಟ್ಟೀನ ಇಲ್ಲ,” ಎಂದು ಗೊಣಗಿ ನನ್ನ ಅಸಲಿ ದನಿ ಹಾಕಿದೆ.

“ಇದು ಸ್ಟೇಶನ್ನ್ಯಾಗ ಗಾಡಿ ಲೇಟ್ ಅಂತ ಒದರೂ ಮಶೀನು. ಬಂದ್ ಮಾಡು.”

“ಅವ್ವಾ! ಅದು ನಾನು!”

“ಹಾಂ, ಈಗ ನೀನ ಅನಸ್ತೀ ನೋಡು. ಅಲ್ಲ್ಯಾಕ ಹಿಂಗ ಮಾತಾಡ್ಲಿಲ್ಲ?”

ಸೋಮವಾರ ಹಟ ಹಿಡಿದು, ರೆಕಾರ್ಡಿಂಗ್ ಕೋಣೆಯಲ್ಲಿ ಅವೇ ವಾಕ್ಯಗಳನ್ನು ಮತ್ತೆ ಓದಿದೆ. ಒಂದೇ ಷರತ್ತು: ಗಾಜಿನಾಚೆ ಶರತ್ ಎದುರಿಗೆ ಕೂತಿರಬೇಕು. ಅವನ ಮುಖ ನೋಡುತ್ತ ಓದಿದ್ದರಿಂದ ಮಾತಿಗೆ ಜೀವ ತಾನಾಗಿ ಬಂತು. ಯಂತ್ರಕ್ಕೂ ಹೊಸದಾಗಿ ಕಲಿಸಿದರು. ಆದರೂ ಕೊನೆಗೆ ಉಳಿದದ್ದು ಶರತ್‌ನ ಮಾದರಿಯೇ. ನನ್ನ ಯಂತ್ರಕ್ಕೆ ಐದಕ್ಕೆ ಐದು ಕೊಟ್ಟವರು ಒಬ್ಬರೇ. ಅವರು ಕೆಳಗೊಂದು ಸಾಲು ಬರೆದಿದ್ದರು: “ಖಂಡಿತ ಮನುಷ್ಯನೇ. ಪಾಪ, ಯಾರನ್ನೋ ಕಂಡರೆ ಆಗುವುದಿಲ್ಲ.”

ಅವರು ಕೇಳಿದ್ದ ವಾಕ್ಯ: “ಕರೆ ಮಾಡಿದ್ದಕ್ಕೆ ಧನ್ಯವಾದಗಳು. ನಿಮ್ಮ ದಿನ ಶುಭವಾಗಿರಲಿ.”